ಪತ್ರಿಕೆಯಲ್ಲಿ ಬಂದ ಮೇಷ್ಟರು

"ನಿಮ್ಮವರ ಸಮಾಚಾರ ಬಂದಿದೆ, ನೋಡಿ" ಎಂದು ನನ್ನಾಕೆ ಬೆಳಗಿನ ಕಾಫಿಯ ಜೊತೆಗೆ ಪತ್ರಿಕೆಯನ್ನೂ ಮುಂದಿಟ್ಟಳೆಂದರೆ, ಅದು ನಮ್ಮ ಊರಿನವರ ಸಮಾಚಾರವೂ ಅಲ್ಲ, ನೆಂಟರ ಸಮಾಚಾರವೂ ಅಲ್ಲವೆಂದು ನಾನು ಬಲ್ಲೆ. ನಮ್ಮ ಮನೆಯಲ್ಲಿ 'ನಿಮ್ಮವರು' ಎಂದರೆ ಮೇಷ್ಟರುಗಳು. ನಾಡಿನ ಯಾವ ಮೂಲೆಯ ಯಾವ ಉಪಾಧ್ಯಾಯ ಏನು ಮಾಡಿದರೂ, ಅವನಿಗೆ ಯಾರು ಏನು ಮಾಡಿದರೂ, ಅದೆಲ್ಲ ನನ್ನ ಖಾತೆಗೆ ಜಮೆಯಾಗುತ್ತದೆ. ಆಕೆ ಕೆಲಸ ಮಾಡುವುದು ಬ್ಯಾಂಕಿನಲ್ಲಿ. ಯಾವುದಾದರೊಂದು ಬ್ಯಾಂಕಿನಲ್ಲಿ ಹಣ ಕಾಣೆಯಾದ ದಿನ ನಾನೂ ಅದೇ ಮಾತನ್ನಾಡಿ ಸೇಡು ತೀರಿಸಿಕೊಳ್ಳುವುದುಂಟು. ಆದರೆ ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಗೆಲುವು ಆಕೆಯದೇ. ಪತ್ರಿಕೆಗಳಿಗೆ ಬ್ಯಾಂಕಿನವರಿಗಿಂತ ನಮ್ಮವರ ಮೇಲೆಯೇ ಪ್ರೀತಿ ಹೆಚ್ಚು.

ಹೀಗೆ ಅನೇಕ ವರ್ಷಗಳ ಬೆಳಗಿನ ಕಾಫಿಯಿಂದ ನಾನು ಕಂಡುಕೊಂಡದ್ದೇನೆಂದರೆ, ಮಾವಿನಹಣ್ಣಿಗೂ ಅವರೆಕಾಯಿಗೂ ಇರುವಂತೆ ಪತ್ರಿಕೆಯ ಮೇಷ್ಟರಿಗೂ ಋತುಗಳಿವೆ. ಜೂನ್ ಸಮೀಪಿಸಿ ಶಾಲೆ ತೆರೆದಾಗ ಅವರು ತಳಿರುತೋರಣದ ಕೆಳಗೆ ನಿಂತು ಮಕ್ಕಳಿಗೆ ಗುಲಾಬಿ ಹೂ ಕೊಡುತ್ತಿರುತ್ತಾರೆ. ವರ್ಗಾವಣೆಯ ಕಾಲ ಬಂದರೆ ಅಳುತ್ತಿರುವ ಮಕ್ಕಳು ಅವರನ್ನು ಸುತ್ತುವರಿದ ಚಿತ್ರ ಬರುತ್ತದೆ. ಸೆಪ್ಟೆಂಬರ್ 5ರಂದು ಅವರು ದೇವರಾಗುತ್ತಾರೆ. ಅಲ್ಲಿಂದ ಮುಂದೆ ಇಳಿಗಾಲ. ಚಳಿಗಾಲದಲ್ಲಿ ಯಾವುದಾದರೂ ಬೇಡಿಕೆಯ ಫಲಕ ಹಿಡಿದು ರಸ್ತೆಯಲ್ಲಿ ಕುಳಿತಿರುತ್ತಾರೆ. ಮಾರ್ಚಿಯಲ್ಲಿ ಪರೀಕ್ಷೆಯ ಕೊಠಡಿಯಲ್ಲಿ ಕಂಡೂ ಕಾಣದಂತೆ ನಿಂತಿರುತ್ತಾರೆ. ಮೇ ತಿಂಗಳಲ್ಲಿ ಫಲಿತಾಂಶ ಪ್ರಕಟವಾಯಿತೋ, ಅಪರಾಧಿಗಳ ಸಾಲಿನಲ್ಲಿ ಬಂದು ನಿಲ್ಲುತ್ತಾರೆ. ಇವುಗಳ ನಡುವೆ ಎಲ್ಲಿಯೋ ಒಬ್ಬ ಕುಡಿದು ಶಾಲೆಗೆ ಬಂದರೆ, ಇನ್ನೊಬ್ಬ ಮಗುವಿನ ಮೇಲೆ ಕೈಮಾಡಿದರೆ, ಆ ದೃಶ್ಯವನ್ನು ದೂರದರ್ಶನದ ಸುದ್ದಿವಾಹಿನಿಗಳು ಬೆಳಗಿನಿಂದ ರಾತ್ರಿಯವರೆಗೆ ಗಾಣದೆತ್ತಿನಂತೆ ತಿರುಗಿಸುತ್ತವೆ.

ಇಂಥ ಸುದ್ದಿಗಳನ್ನು ಹಾಕಬಾರದೆಂದು ನಾನು ಹೇಳುವವನಲ್ಲ. ಮಗುವನ್ನು ಹಿಂಸಿಸಿದವನ ಹೆಸರು ಊರಿಗೆಲ್ಲ ತಿಳಿಯಲೇಬೇಕು. ಸೋರುವ ಶಾಲೆಯ ಚಿತ್ರ ಪತ್ರಿಕೆಯಲ್ಲಿ ಬಂದ ಮೇಲೆಯೇ ಹೆಂಚು ಬದಲಾಯಿಸಿದ ಸಂಗತಿಗಳು ಬೇಕಾದಷ್ಟಿವೆ. 2021ರ ಏಪ್ರಿಲಿನಲ್ಲಿ, ಕೊರೋನಾ ಉಲ್ಬಣಿಸಿದ್ದ ಹೊತ್ತಿನಲ್ಲಿ ಉತ್ತರ ಪ್ರದೇಶದಲ್ಲಿ ಪಂಚಾಯಿತಿ ಚುನಾವಣೆ ನಡೆಯಿತು. ಆ ಕೆಲಸಕ್ಕೆ ಹೋದ 1,621 ಮಂದಿ ಶಿಕ್ಷಕರು ಮತ್ತು ಸಿಬ್ಬಂದಿ ತೀರಿಕೊಂಡರೆಂದು ಅಲ್ಲಿನ ಶಿಕ್ಷಕರ ಸಂಘ ಪಟ್ಟಿ ಕೊಟ್ಟಿತು. ಸರ್ಕಾರದ ಲೆಕ್ಕದಲ್ಲಿ ಮೊದಲು ಸತ್ತವರು ಮೂವರೇ. ಏಕೆಂದರೆ ಮನೆ ಬಿಟ್ಟು ಮನೆಗೆ ಮರಳುವಷ್ಟರೊಳಗೆ ಸತ್ತರೆ ಮಾತ್ರ ಕರ್ತವ್ಯದ ಮೇಲೆ ಸತ್ತಂತೆ ಎಂಬುದು ಆಗಿನ ನಿಯಮ. ಮನೆಗೆ ಬಂದು ಹಾಸಿಗೆ ಹಿಡಿದು ಸತ್ತವರು ಯಾವ ಲೆಕ್ಕಕ್ಕೂ ಇಲ್ಲ. ಪತ್ರಿಕೆಗಳು ಎರಡು ಅಂಕಿಗಳನ್ನೂ ಒಂದರ ಪಕ್ಕದಲ್ಲೊಂದಿಟ್ಟು ತೋರಿಸಿದವು, ಕೂಗು ಎದ್ದಿತು, ಕಡೆಗೆ ನಿಯಮವೇ ಬದಲಾಯಿತು. ಆ ಮನೆಗಳವರು ಪತ್ರಿಕೆಗೆ ಋಣಿಗಳು.

ನನ್ನ ತಕರಾರು ಬೇರೆ. ದೇವರಾಗಿ, ಭಿಕ್ಷುಕನಾಗಿ, ಅಪರಾಧಿಯಾಗಿ ಕಾಣುವ ಈ ಮನುಷ್ಯ ಇಡೀ ವರ್ಷ ಮಾಡುವ ಕೆಲಸವೊಂದಿದೆಯಲ್ಲ, ಪಾಠ ಹೇಳುವುದು, ಅದು ಮಾತ್ರ ಪತ್ರಿಕೆಯ ಕಣ್ಣಿಗೆ ಬೀಳುವುದಿಲ್ಲ.

ಸೆಪ್ಟೆಂಬರ್ 5ರ ಸಂಚಿಕೆಯನ್ನೇ ತೆಗೆದುಕೊಳ್ಳಿ. ಡಾಕ್ಟರ್ ರಾಧಾಕೃಷ್ಣನ್ 1962ರಲ್ಲಿ ರಾಷ್ಟ್ರಪತಿಗಳಾದಂದಿನಿಂದ ಅವರ ಹುಟ್ಟುಹಬ್ಬ ನಮಗೆ ಶಿಕ್ಷಕರ ದಿನ. 1918ರಿಂದ 1921ರವರೆಗೆ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಕಲ್ಕತ್ತೆಗೆ ಹೊರಟ ದಿನ ವಿದ್ಯಾರ್ಥಿಗಳು ಸಾರೋಟಿನ ಕುದುರೆಗಳನ್ನು ಬಿಚ್ಚಿ, ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಈ ಕಥೆ ಪ್ರತಿ ವರ್ಷವೂ ಅಚ್ಚಾಗುತ್ತದೆ, ಪ್ರತಿ ವರ್ಷವೂ ನಾನು ಓದುತ್ತೇನೆ, ಪ್ರತಿ ವರ್ಷವೂ ಮೈ ಜುಮ್ಮೆನ್ನುತ್ತದೆ. ಆದರೆ ಗಮನಿಸಿ: ನಮ್ಮ ನೆನಪಿನಲ್ಲಿ ಉಳಿದಿರುವುದು ಸಾರೋಟು. ಸಾರೋಟು ಎಳೆಯುವಂತೆ ಮಾಡಿದ ಮೂರು ವರ್ಷಗಳ ಪಾಠ ಹೇಗಿತ್ತೆಂದು ಯಾವ ಸಂಚಿಕೆಯಲ್ಲಿಯೂ ನಾನು ಓದಿದ್ದಿಲ್ಲ. ಪಾಠವನ್ನು ಚಿತ್ರ ತೆಗೆಯುವುದು ಕಷ್ಟ. ಸಾರೋಟನ್ನು ತೆಗೆಯುವುದು ಸುಲಭ.

2025ರ ಸೆಪ್ಟೆಂಬರ್ ತಿಂಗಳು ಶಿಕ್ಷಕರ ದಿನದ ಹಾರ ಬಾಡುವಷ್ಟರಲ್ಲಿ ಇನ್ನೊಂದು ಬಗೆಯ ಕೀರ್ತಿಯನ್ನೂ ತಂದಿತು. ನಮ್ಮ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ 22ರಂದು ಆರಂಭವಾಯಿತು. ಸಮೀಕ್ಷಕರಲ್ಲಿ ಬಹುಪಾಲು ಸರ್ಕಾರಿ ಶಾಲೆಯ ಶಿಕ್ಷಕರು. ನಿಗದಿಯಾದ ದಿನಕ್ಕೆ ಮುಗಿಯಲಿಲ್ಲವೆಂದು ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿದ್ದು ವಾಚಕರಿಗೆ ನೆನಪಿರಬಹುದು. ಆ ನಾಲ್ಕು ವಾರ ಮೇಷ್ಟರು ದಿನವೂ ಪತ್ರಿಕೆಯಲ್ಲಿದ್ದರು: ಮೊಬೈಲಿಗೆ ಸಂಕೇತ ಸಿಗದೆ ಗುಡ್ಡ ಹತ್ತಿದ ಮೇಷ್ಟರು, ಮನೆಯ ಅಂಕಿ ಹುಡುಕಿ ಸುಸ್ತಾದ ಮೇಷ್ಟರು, ನಾಯಿ ಅಟ್ಟಿಸಿಕೊಂಡು ಬಂದ ಮೇಷ್ಟರು. "ಪಾಪ, ನಿಮ್ಮವರು" ಎಂದು ನನ್ನಾಕೆ ಮೊದಲ ಸಲ ಕನಿಕರ ತೋರಿಸಿದಳು. ನಮ್ಮ ಮನೆಗೆ ಬಂದ ಉಪಾಧ್ಯಾಯಿನಿಗೆ ಮಜ್ಜಿಗೆಯನ್ನೂ ಕೊಟ್ಟಳು. ಆ ದಿನಗಳಲ್ಲಿ ಹತ್ತನೆಯ ತರಗತಿಯ ಪಾಠ ಎಷ್ಟು ಹಿಂದೆ ಬಿದ್ದಿತೆಂಬುದು, ನಾಯಿಯಷ್ಟು ಸ್ವಾರಸ್ಯದ ವಿಷಯವಲ್ಲದ್ದರಿಂದ, ಒಳಪುಟದ ಮೂಲೆ ಸೇರಿತು.

ನಾನೂ ಒಮ್ಮೆ ಪತ್ರಿಕೆಯಲ್ಲಿ ಬಂದಿದ್ದೇನೆ. ಇದು ಹೆಮ್ಮೆಗೆ ಹೇಳುವ ಮಾತಲ್ಲ. ಎಂ.ಎ. ಮುಗಿಸಿ ನೆಟ್ ಪರೀಕ್ಷೆಯಲ್ಲಿಯೂ ತೇರ್ಗಡೆಯಾದ ಮೇಲೆ ಕೆಲವು ವರ್ಷ ಸರ್ಕಾರಿ ಕಾಲೇಜಿನಲ್ಲಿ 'ಅತಿಥಿ ಉಪನ್ಯಾಸಕ'ನಾಗಿದ್ದೆ. ಅತಿಥಿಯೆಂಬ ಮಾತನ್ನು ಅಷ್ಟು ವಿಚಿತ್ರವಾಗಿ ಬಳಸಿದ ಇಲಾಖೆ ಪ್ರಪಂಚದಲ್ಲಿ ಇನ್ನೊಂದಿರಲಾರದು. ತಿಂಗಳಿಗೆ 13,000 ರೂಪಾಯಿ, ಅದೂ ಬಂದಾಗ ಬಂತು. 2021ರ ಡಿಸೆಂಬರಿನಲ್ಲಿ ನಾವೆಲ್ಲ ತರಗತಿ ಬಿಟ್ಟು ಧರಣಿ ಕುಳಿತೆವು. ಮರುತಿಂಗಳು ಸಂಭಾವನೆ ಗರಿಷ್ಠ 32,000ಕ್ಕೆ ಏರಿತು. ವಾರಕ್ಕೆ ಹದಿನೈದು ಗಂಟೆಯ ಕಾರ್ಯಭಾರವೆಂದು ಗೊತ್ತುಮಾಡಿದ್ದರಿಂದ ನಮ್ಮಲ್ಲಿ ಹಲವರು ಕೆಲಸವನ್ನೇ ಕಳೆದುಕೊಂಡರು. ಏರಿದ ಸುದ್ದಿ ಮುಖಪುಟದಲ್ಲಿ ಬಂತು, ಕಳೆದುಕೊಂಡ ಸುದ್ದಿ ಒಳಪುಟದಲ್ಲಿ. ನನ್ನ ಚಿತ್ರ ಬಂದದ್ದು ಧರಣಿಯ ದಿನ. ಫಲಕದ ಹಿಂದೆ ಅರ್ಧ ಮುಖ. ತಾಯಿ ಅದನ್ನು ಕತ್ತರಿಸಿ ದೇವರ ಮನೆಯ ಗೂಡಿನಲ್ಲಿಟ್ಟುಕೊಂಡರು. ಮಗ ಉಪನ್ಯಾಸಕನೆಂಬುದಕ್ಕೆ ಅವರಲ್ಲಿರುವ ಅಚ್ಚಿನ ಸಾಕ್ಷಿ ಅದೊಂದೇ.

ಇಷ್ಟೆಲ್ಲ ಬರೆಯಲು ಕಾರಣ ನನ್ನ ಸೋದರಮಾವ. ಮಲೆನಾಡಿನ ಒಂದು ಸಣ್ಣ ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಅವರು ಕನ್ನಡ ಪಂಡಿತರಾಗಿ ಸೇರಿ, ಅಲ್ಲಿಯೇ ಮುಖ್ಯೋಪಾಧ್ಯಾಯರಾಗಿ, 2025ರಲ್ಲಿ ನಿವೃತ್ತರಾದರು. ನನಗೆ ಕನ್ನಡದ ಹುಚ್ಚು ಹಿಡಿಸಿದವರು ಅವರೇ. ಅವರ ಮನೆಯ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆಯಿದೆ. ಹೋದ ಬೇಸಗೆಯಲ್ಲಿ ಹಳೆಯ ಪುಸ್ತಕವೊಂದನ್ನು ಹುಡುಕುತ್ತ ಅದನ್ನು ತೆಗೆದೆ. ಎರಡು ಪತ್ರಿಕೆಯ ತುಣುಕುಗಳು ಸಿಕ್ಕವು. ಒಂದರಲ್ಲಿ ಅವರು ಶಾಲು ಹೊದ್ದು, ಕೈಯಲ್ಲಿ ಫಲತಾಂಬೂಲ ಹಿಡಿದು ಕುಳಿತಿದ್ದಾರೆ. ಶಿಕ್ಷಕರ ದಿನದ ಸನ್ಮಾನ. ಕೆಳಗೆ 'ಮಾದರಿ ಗುರು' ಎಂಬ ಶೀರ್ಷಿಕೆ. ಇನ್ನೊಂದರಲ್ಲಿ ಚಿತ್ರವಿಲ್ಲ, ಒಂದು ಪಟ್ಟಿ ಮಾತ್ರ. 2024ರ ಮೇ ತಿಂಗಳಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮರುದಿನದ್ದು. 'ಶೂನ್ಯ ಸಾಧನೆ' ಎಂದು ದಪ್ಪಕ್ಷರದ ತಲೆಬರಹ. ಅದರಡಿಯಲ್ಲಿ ಒಂದೊಂದೇ ಸಾಲಿನಲ್ಲಿ ಶಾಲೆಗಳ ಹೆಸರು. ಮೂರನೆಯ ಸಾಲು ಮಾವನ ಶಾಲೆ.

ಪಟ್ಟಿಯಲ್ಲಿ ಇಲ್ಲದ್ದನ್ನು ನಾನು ಹೇಳುತ್ತೇನೆ. ಆ ವರ್ಷ ಅಲ್ಲಿ ಪರೀಕ್ಷೆಗೆ ಕುಳಿತ ಮಕ್ಕಳು ನಾಲ್ವರು. ಗಣಿತದ ಉಪಾಧ್ಯಾಯರ ಹುದ್ದೆ ಖಾಲಿ. ಬೇರೆ ಶಾಲೆಯಿಂದ ಒಬ್ಬರು ವಾರಕ್ಕೆ ಎರಡು ದಿನ ಬಂದು ಹೋಗುತ್ತಿದ್ದರು, ಮಳೆಗಾಲದಲ್ಲಿ ಹಳ್ಳ ಉಕ್ಕಿದರೆ ಅದೂ ಇಲ್ಲ. ನಾಲ್ವರಲ್ಲಿ ಒಬ್ಬ ಹುಡುಗ ಒಂಬತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟು ಅಡಿಕೆ ಸುಲಿಯುವ ಕೆಲಸಕ್ಕೆ ಹೋಗಿದ್ದ. ಮಾವ ಮೂರು ಸಲ ಅವನ ಮನೆಗೆ ಹೋಗಿ ತಂದೆಯ ಕೈಹಿಡಿದು ಕೇಳಿಕೊಂಡು ಕರೆತಂದರು. ಒಬ್ಬ ಹುಡುಗಿಯ ತಂದೆತಾಯಿಗಳು ಕಾಫಿ ಕೊಯ್ಲಿಗೆಂದು ತೋಟದಿಂದ ತೋಟಕ್ಕೆ ಹೋಗುವವರು. ಆ ಮಗು ಚಿಕ್ಕಮ್ಮನ ಮನೆಯಲ್ಲಿದ್ದು ಓದಿತು. ಆಕೆಗೆ ಹೋದದ್ದು ಗಣಿತ ಒಂದೇ. ನಾಲ್ವರೂ ಅನುತ್ತೀರ್ಣರು, ಆದ್ದರಿಂದ ಶೇಕಡಾ ಸೊನ್ನೆ. ಒಬ್ಬಳು ತೇರ್ಗಡೆಯಾಗಿದ್ದರೆ ಶೇಕಡಾ 25. ಇಬ್ಬರಾಗಿದ್ದರೆ ಶೇಕಡಾ 50, ಆಗ ಅದು ಸುಧಾರಣೆಯ ಹಾದಿಯಲ್ಲಿರುವ ಶಾಲೆ! ನಾಲ್ಕು ಮಕ್ಕಳಿಂದ ಶೇಕಡಾವಾರು ತೆಗೆಯುವುದು, ಒಂದು ಹಿಡಿ ಅಕ್ಕಿಯಲ್ಲಿ ಊರಿಗೆ ಊಟ ಹಾಕಿದಂತೆ. ಅದನ್ನು ಮಾಡಿ, ಅಚ್ಚುಹಾಕಿ, ಎಪ್ಪತ್ತು ಮೈಲಿ ದೂರದ ಪೇಟೆಯವರಿಗೂ ಓದಿಸಿದರು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಆ ಅಡಿಕೆ ಸುಲಿಯುವ ಹುಡುಗನನ್ನು ಮಾವ ಕರೆತರದೆ ಇದ್ದಿದ್ದರೆ? ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಒಂಬತ್ತನೆಯ ತರಗತಿಯಲ್ಲಿಯೇ ಏನಾದರೊಂದು ನೆಪ ಹೇಳಿ ಸಾಗಹಾಕುವ, ಹಾಜರಾತಿ ಸಾಲದೆಂದು ಪರೀಕ್ಷೆಗೆ ಕೂರಿಸದೆ ಬಿಡುವ ಜಾಣತನ ನಮ್ಮ ವೃತ್ತಿಯಲ್ಲಿ ಇಲ್ಲವೆಂದು ಯಾರೂ ಆಣೆ ಮಾಡಲಾರರು. ಹಾಗೆ ಮಾಡಿದವರ ಶಾಲೆ ನೂರಕ್ಕೆ ನೂರರ ಪಟ್ಟಿಯಲ್ಲಿ ಬರುತ್ತದೆ. ಪಟ್ಟಿಯಲ್ಲಿ ಬಂದವರಿಗೆ ಶಾಲು ಬರುತ್ತದೆ. ಮನೆಯ ಬಾಗಿಲಿಗೆ ಹೋಗಿ ಮಗುವನ್ನು ಕರೆತಂದವನ ಹೆಸರು ಸೊನ್ನೆಯ ಪಟ್ಟಿಯಲ್ಲಿ. ಪತ್ರಿಕೆ ಇದನ್ನು ಬೇಕೆಂದು ಮಾಡಿತೆಂದು ನಾನು ಹೇಳುವುದಿಲ್ಲ. ಅಂಕಿ ಕೈಗೆ ಬಂತು, ಜಾಗ ಇತ್ತು, ಹಾಕಿದರು. ಆದರೆ ಆ ಅಂಕಿ ಯಾವ ಕಡೆಗೆ ಜನರನ್ನು ತಳ್ಳುತ್ತದೆಂದು ನೋಡಬೇಡವೇ?

ಅಂಕಿಯನ್ನೇ ನಂಬುವುದಾದರೆ ಇನ್ನೊಂದು ಅಂಕಿಯನ್ನೂ ನಂಬಬೇಕಾಗುತ್ತದೆ. 2023ರಲ್ಲಿ ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶ ಶೇಕಡಾ 83.89. 2024ರಲ್ಲಿ 73.40, ಅದೂ ಕೃಪಾಂಕಗಳನ್ನು ಧಾರಾಳವಾಗಿ ಕೊಟ್ಟ ಮೇಲೆ. ಹನ್ನೆರಡು ತಿಂಗಳಲ್ಲಿ ನಾಡಿನ ಉಪಾಧ್ಯಾಯರೆಲ್ಲ ಪಾಠ ಹೇಳುವುದನ್ನು ಮರೆತುಬಿಟ್ಟರೇ? ಆ ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ದೂರದಿಂದ ನೋಡುವ ಏರ್ಪಾಡಾಯಿತು, ಅಷ್ಟೆ. ಹಾಗಾದರೆ ಹಿಂದಿನ ವರ್ಷ ಶಾಲು ಹೊದಿಸಿದ್ದು ಯಾರಿಗೆ, ಯಾವುದಕ್ಕೆ ಎಂದು ಒಂದು ಪತ್ರಿಕೆಯಾದರೂ ಹಳೆಯ ಪಟ್ಟಿಯನ್ನು ತೆಗೆದು ನೋಡಬಹುದಾಗಿತ್ತು. ಆದರೆ ಫಲಿತಾಂಶದ ದಿನಗಳಲ್ಲಿ ಪುಟಪುಟದಲ್ಲಿಯೂ ಖಾಸಗಿ ಕಾಲೇಜುಗಳ ಜಾಹೀರಾತು; ಅಂಚೆಚೀಟಿಯ ಗಾತ್ರದ ನೂರಾರು ನಗುಮುಖಗಳು. ಶೇಕಡಾ ತೊಂಬತ್ತೈದು ಪಡೆದವರನ್ನೇ ಆರಿಸಿ ಸೇರಿಸಿಕೊಂಡು ತೊಂಬತ್ತೆಂಟು ಮಾಡಿಸಿದವರು ಮುಖಪುಟದಲ್ಲಿ. ಸೊನ್ನೆಯಿಂದ ಮೂವತ್ತಕ್ಕೆ ತಂದು ಐದು ಅಂಕಕ್ಕೆ ಸೋತವರು ಒಳಪುಟದ ಕಪ್ಪುಪಟ್ಟಿಯಲ್ಲಿ.

ಈ ರೋಗ ನಮ್ಮದೊಂದೇ ದೇಶದ್ದಲ್ಲ. ನಾವು ಶಾಲೆಯ ಹೆಸರು ಹಾಕಿ ಸುಮ್ಮನಾಗುತ್ತೇವೆ. ಅಮೆರಿಕದಲ್ಲಿ ಒಬ್ಬೊಬ್ಬ ಉಪಾಧ್ಯಾಯರ ಹೆಸರನ್ನೂ ಹಾಕಿ ನೋಡಿದ್ದಾರೆ. 2010ರ ಆಗಸ್ಟಿನಲ್ಲಿ ಲಾಸ್ ಏಂಜಲಿಸ್ ಟೈಮ್ಸ್ ಪತ್ರಿಕೆ ಆ ನಗರದ ಮೂರರಿಂದ ಐದನೆಯ ತರಗತಿಯ ಸುಮಾರು 6,000 ಮಂದಿ ಉಪಾಧ್ಯಾಯರನ್ನು, ಅವರ ಮಕ್ಕಳು ಇಂಗ್ಲಿಷ್ ಮತ್ತು ಗಣಿತದಲ್ಲಿ ಪಡೆದ ಅಂಕಗಳಿಂದ ಅಳೆದು, ಅತ್ಯಂತ ಪರಿಣಾಮಕಾರಿಗಳಿಂದ ಹಿಡಿದು ತೀರ ಕಡಿಮೆಯವರವರೆಗೆ ದರ್ಜೆ ಕಟ್ಟಿ, ಹೆಸರುಸಹಿತ ಪ್ರಕಟಿಸಿತು. ಲೆಕ್ಕಕ್ಕೆಂದು ಅರ್ಥಶಾಸ್ತ್ರಜ್ಞರೊಬ್ಬರನ್ನೂ ನೇಮಿಸಿಕೊಂಡಿತ್ತು. ನಮ್ಮ ಪಟ್ಟಿಗಿಂತ ಅದು ಎಷ್ಟೋ ಪಾಲು ಶ್ರದ್ಧೆಯ ಕೆಲಸ. ಮಗು ಮೊದಲು ಎಲ್ಲಿತ್ತು, ವರ್ಷದ ಕೊನೆಗೆ ಎಲ್ಲಿಗೆ ಬಂತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು. ಆದರೂ ಮರುವರ್ಷ ಕೊಲೊರಾಡೋ ವಿಶ್ವವಿದ್ಯಾನಿಲಯದ ಇಬ್ಬರು ಸಂಶೋಧಕರು ಅದೇ ಅಂಕಿಗಳನ್ನು ಇನ್ನೊಂದು ಸೂತ್ರದಿಂದ ಅಳೆದಾಗ, ಓದಿನ ವಿಷಯದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ದರ್ಜೆ ಬದಲಾಗಿ ಹೋಯಿತು. ಅಷ್ಟರಲ್ಲಿ, ಪಟ್ಟಿ ಬಂದ ಮರುತಿಂಗಳೇ, ಅದರಲ್ಲಿ ಸರಾಸರಿಗಿಂತ ಕೆಳಗೆಂದು ತೋರಿಸಲಾಗಿದ್ದ ಐದನೆಯ ತರಗತಿಯ ಉಪಾಧ್ಯಾಯರೊಬ್ಬರು ಆತ್ಮಹತ್ಯೆ ಮಾಡಿಕೊಂಡಿದ್ದರು. ಮನುಷ್ಯ ಸಾಯುವುದಕ್ಕೆ ಕಾರಣ ಇದೊಂದೇ ಎಂದು ಹೊರಗಿನವರು ಹೇಳಲಾಗದು. ಆ ಪಟ್ಟಿಯಿಂದ ಅವರು ನೊಂದಿದ್ದರೆಂದು ಮನೆಯವರು ಹೇಳಿದರು.

ಅದರಿಂದ ಯಾರೂ ಕಲಿತಂತೆ ಕಾಣಲಿಲ್ಲ. 2012ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಸುಮಾರು 18,000 ಉಪಾಧ್ಯಾಯರ ಪಟ್ಟಿಯೂ ಹೊರಬಂತು. ನೂರು ಮೆಟ್ಟಿಲುಗಳ ಏಣಿಯಲ್ಲಿ ಒಬ್ಬೊಬ್ಬರನ್ನು ಒಂದೊಂದು ಮೆಟ್ಟಿಲ ಮೇಲೆ ನಿಲ್ಲಿಸಿದ್ದರು. ಆದರೆ ಈ ಲೆಕ್ಕದ ಅನಿಶ್ಚಯದ ಹರವು ಗಣಿತದಲ್ಲಿ ಸರಾಸರಿ 35 ಮೆಟ್ಟಿಲು, ಇಂಗ್ಲಿಷಿನಲ್ಲಿ 53 ಮೆಟ್ಟಿಲು ಎಂದು ಪ್ರಕಟಿಸಿದ ಆಡಳಿತವೇ ಒಪ್ಪಿಕೊಂಡಿತ್ತು. ಎಂದರೆ, ಐವತ್ತನೆಯ ಮೆಟ್ಟಿಲ ಮೇಲೆ ನಿಂತ ಇಂಗ್ಲಿಷ್ ಮೇಷ್ಟರು ನಿಜವಾಗಿ ಇಪ್ಪತ್ತನಾಲ್ಕರಲ್ಲಿರಬಹುದು, ಎಪ್ಪತ್ತಾರರಲ್ಲಿಯೂ ಇರಬಹುದು. ಇಂಥ ತಕ್ಕಡಿಯಲ್ಲಿ ತೂಗಿ ಕೊಟ್ಟರೆ ನಮ್ಮ ಬೀದಿಯ ತರಕಾರಿಯವನನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಉಪಾಧ್ಯಾಯರನ್ನು ಅಳೆಯಬೇಕೆಂದು ಕೋಟಿಗಟ್ಟಲೆ ಹಣ ಸುರಿದ ಬಿಲ್ ಗೇಟ್ಸ್ ಅವರೇ, ಹೀಗೆ ಬಹಿರಂಗವಾಗಿ ನಾಚಿಕೆಗೀಡುಮಾಡುವುದು ಸರಿಯಲ್ಲವೆಂದು ಪತ್ರಿಕೆಗೆ ಬರೆದರು. ಅದೇ ದೇಶದ ಟೈಮ್ ವಾರಪತ್ರಿಕೆ 2014ರಲ್ಲಿ ಸೇಬಿನ ಮೇಲೆ ನ್ಯಾಯಾಧೀಶರ ಸುತ್ತಿಗೆ ಬೀಳಲಿರುವ ಚಿತ್ರವನ್ನು ಮುಖಪುಟಕ್ಕೆ ಹಾಕಿ ಕೆಟ್ಟ ಉಪಾಧ್ಯಾಯರನ್ನು ತೆಗೆದುಹಾಕುವುದು ಎಷ್ಟು ಕಷ್ಟವೆಂದು ಹೇಳಿತು. 2018ರಲ್ಲಿ ಮೂರು ಕೆಲಸ ಮಾಡಿ, ರಕ್ತದ್ರವ ಕೊಟ್ಟು, ಮನೆಯ ಖರ್ಚು ತೂಗಿಸುವ ಉಪಾಧ್ಯಾಯಿನಿಯನ್ನು ಮುಖಪುಟದಲ್ಲಿ ನಿಲ್ಲಿಸಿತು. ನಾಲ್ಕು ವರ್ಷದಲ್ಲಿ ಖಳನಾಯಕ ಹೋಗಿ ಕರುಣಾಪಾತ್ರ ಬಂತು. ಎರಡು ಮುಖಪುಟಗಳಲ್ಲಿಯೂ ಕರಿಹಲಗೆಯ ಮೇಲೆ ಏನು ಬರೆದಿದೆ ಎಂಬ ಕುತೂಹಲವಿಲ್ಲ.

ಪತ್ರಿಕೆಗೂ ಪಾಠಶಾಲೆಗೂ ಮೊದಲಿನಿಂದ ಹೀಗೆ ದೂರವಿತ್ತೇ ಎಂದರೆ, ಇರಲಿಲ್ಲ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಮೊದಲ ಕನ್ನಡ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಮಕ್ಕಳಿಗೆ ಪಾಠ ಹೇಳಿದ ಮನುಷ್ಯ. ಪುಣೆಯಲ್ಲಿ ತಿಲಕರು, ಅಗರ್ಕರರು 'ಕೇಸರಿ'ಯನ್ನು 1881ರಲ್ಲಿ ಆರಂಭಿಸಿದಾಗ ನ್ಯೂ ಇಂಗ್ಲಿಷ್ ಸ್ಕೂಲಿನ ಮೇಷ್ಟರುಗಳು. ಬಳಪ ಹಿಡಿದ ಕೈಯೇ ಲೇಖನಿಯನ್ನೂ ಹಿಡಿಯುತ್ತಿದ್ದ ಕಾಲ ಅದು. ಈಗಿನ ಸುದ್ದಿಗಾರರು ಶಾಲೆಯ ಗೇಟಿನವರೆಗೆ ಬರುತ್ತಾರೆ, ಮುಖ್ಯೋಪಾಧ್ಯಾಯರ ಕೋಣೆಯವರೆಗೆ ಬರುತ್ತಾರೆ. ತರಗತಿಯ ಬಾಗಿಲು ದಾಟುವುದಿಲ್ಲ.

ನನ್ನ ವಿದ್ಯಾರ್ಥಿಯೊಬ್ಬ ಈಗ ಪತ್ರಿಕೆಯೊಂದರಲ್ಲಿ ವರದಿಗಾರ. ಒಳ್ಳೆಯ ಹುಡುಗ, ಹಳಗನ್ನಡದ ತರಗತಿಯಲ್ಲಿ ಆಕಳಿಸದೆ ಕುಳಿತ ಕೆಲವೇ ಮಂದಿಯಲ್ಲಿ ಒಬ್ಬ. ಮದುವೆಯ ಮನೆಯೊಂದರಲ್ಲಿ ಸಿಕ್ಕಿದಾಗ ಈ ಮಾತನ್ನೇ ಎತ್ತಿದೆ. "ಒಂದು ದಿನ ಯಾವುದಾದರೂ ಶಾಲೆಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಕುಳಿತು, ಕಂಡದ್ದನ್ನು ಬರೆಯಬಾರದೇನಪ್ಪ?" ಎಂದೆ.

ಅವನು ವಿನಯದಿಂದಲೇ ಹೇಳಿದ: "ಬರೆಯಬಹುದು ಸಾರ್. ಆದರೆ ತಲೆಬರಹ ಏನೆಂದು ಕೊಡಲಿ? 'ಶಾಲೆಯಲ್ಲಿ ಪಾಠ ನಡೆಯಿತು' ಎಂದೇ?"

ಪಕ್ಕದ ಎಲೆಯವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಅವನೇ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಜಿಲ್ಲೆಯ ವರದಿಗಾರನೊಬ್ಬ ದಿನಕ್ಕೆ ಐದಾರು ಸುದ್ದಿ ಕಳಿಸಬೇಕು ಸಾರ್. ಬೆಂಚಿನಲ್ಲಿ ಕೂರುವುದಕ್ಕೆ ಹೊತ್ತೆಲ್ಲಿ?" ಎಂದ. ಅದೂ ನಿಜವೇ. ನಾಲ್ಕು ಮಕ್ಕಳ ಶಾಲೆಯ ಗಣಿತದ ಮೇಷ್ಟರ ಹಾಗೆ ಅವನೂ ನಾಲ್ಕು ಕಡೆ ಓಡುವವನು.

ಪೆಟ್ಟಿಗೆಯ ವಿಷಯ ಇನ್ನೂ ಸ್ವಲ್ಪ ಉಳಿದಿದೆ. ಆ ಪಟ್ಟಿ ಬಂದ ವಾರದಲ್ಲಿ ಮಾವನಿಗೆ ಮೇಲಿನ ಕಚೇರಿಯಿಂದ ಕಾರಣ ಕೇಳಿ ನೋಟೀಸು ಬಂದಿತ್ತಂತೆ. ಉತ್ತರ ಬರೆದರು. ಮಾವನಿಗೆ ಅದು ಅಷ್ಟೇನೂ ನೋವಾಗಲಿಲ್ಲ, ಪೇಟೆಯ ಕ್ಷೌರದಂಗಡಿಯಲ್ಲಿ ಹಳೆಯ ಶಿಷ್ಯನೊಬ್ಬ ಪತ್ರಿಕೆಯನ್ನು ಮಡಿಸಿ ಪಕ್ಕಕ್ಕೆ ಸರಿಸಿದ್ದೇ ನೋವಾಯಿತು ಎಂದು ಅತ್ತೆ ಹೇಳಿದರು. ಅಂದಿನಿಂದ ಬೇಸಗೆ ಕಳೆಯುವವರೆಗೆ ಪೇಟೆಯ ಸಾಮಾನಿಗೆ ಅತ್ತೆಯೇ ಹೋಗಿಬಂದರು. ಆ ಬೇಸಗೆಯಲ್ಲಿ ಮಾವ ಬೆಳಿಗ್ಗೆ ಏಳಕ್ಕೇ ಶಾಲೆಯ ಬೀಗ ತೆಗೆಯುತ್ತಿದ್ದರು. ಕನ್ನಡ ಪಂಡಿತರು ಮಗಳ ಹಳೆಯ ಪುಸ್ತಕ ಇಟ್ಟುಕೊಂಡು ರಾತ್ರಿ ತಾವು ಗಣಿತ ಕಲಿತು, ಬೆಳಿಗ್ಗೆ ಆ ನಾಲ್ವರಿಗೆ ಹೇಳಿಕೊಟ್ಟರು.

"ಇದನ್ನೇಕೆ ಇಟ್ಟುಕೊಂಡಿದ್ದೀರಿ ಮಾವ, ಹರಿದು ಹಾಕಬಾರದೇ?" ಎಂದು ತುಣುಕನ್ನು ತೋರಿಸಿ ಕೇಳಿದೆ.

"ಸರಿಯಾಗಿ ನೋಡಪ್ಪ" ಎಂದರು.

ಬೆಳಕಿಗೆ ಹಿಡಿದು ನೋಡಿದೆ. ಮೂರನೆಯ ಸಾಲಿನ ಎದುರು, ಅಂಚಿನಲ್ಲಿ, ಪೆನ್ಸಿಲಿನಿಂದ ಸಣ್ಣಗೆ ಬರೆದಿತ್ತು: 'ಜೂನ್ ತಿಂಗಳ ಎರಡನೆಯ ಪರೀಕ್ಷೆ: ಇಬ್ಬರು ತೇರ್ಗಡೆ.' ಕೆಳಗೆ ಆ ಇಬ್ಬರ ಹೆಸರು.